ಅಂಟಿಕೊಂಡ ಕೆಂಪು

ಎಂಬತ್ತರ ದಶಕದ ಆರಂಭದಲ್ಲಿ ನಾನು ಹುಲಿಕುಂಟೆ ಕಡೆಯ ಕುರಿಹಟ್ಟಿಯಿಂದ ಬೆಂಗಳೂರಿಗೆ ಹೋಗಿ ಜೀವರಸಾಯನಶಾಸ್ತ್ರದ ಸಂಶೋಧನೆಗೆ ಸೇರಿದೆ. ಕೆಲಸ ಕುರಿಯ ಕೆಂಪು ರಕ್ತಕಣಗಳ ಮೇಲೆ. ಕಣವನ್ನು ಒಡೆದರೆ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಹೊರಗೆ ಚೆಲ್ಲಿ, ತೆಳ್ಳಗಿನ ಪೊರೆ ಉಳಿಯುತ್ತದೆ. ತೊಳೆದ ಪೊರೆ ಬೆಳ್ಳಗಿರಬೇಕು. ನನ್ನದರಲ್ಲಿ, ಮುಚ್ಚಿದ ಕೊಳವೆಯೊಳಗೆ ಎಷ್ಟು ತೊಳೆದರೂ ನಸುಗೆಂಪು ಉಳಿಯುತ್ತಿತ್ತು.

"ತೊಳೆಯೋದು ಕಲಿ ಮೊದಲು" ಎಂದರು ನನ್ನ ಗೈಡು.

ನನಗೆ ಹಾಗನ್ನಿಸಿರಲಿಲ್ಲ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ತನ್ನ ಆಕಾರ ಬದಲಿಸುತ್ತದೆ. ಆ ಸ್ಥಿತಿಯಲ್ಲಿ ಅದು ಪೊರೆಯ ಪ್ರೋಟೀನೊಂದನ್ನು ಹಿಡಿದುಕೊಂಡರೆ, ಉಸಿರು ಕಡಿಮೆಯಾದದ್ದು ಇಡೀ ಕಣಕ್ಕೆ ತಿಳಿಯುವುದೇ ಹಾಗಿರಬಹುದಲ್ಲ? ಇದನ್ನು ಹೇಳಿದಾಗ ಅವರು ನಕ್ಕರು.

"ಕಸಾಯಿಖಾನೆಯ ಹಳೇ ರಕ್ತ ಅದು. ಕೆಟ್ಟಿದೆ, ಅಂಟುತ್ತೆ."

"ಹಾಗಾದರೆ ಬದುಕಿರೋ ಕುರಿಯದ್ದೇ ತರ್ತೀನಿ ಸಾರ್."

"ಎಲ್ಲಿಂದ?"

"ನಮ್ಮನೆಯಿಂದ."

ಹಟ್ಟಿಯಲ್ಲಿ ದೊಡ್ಡಪ್ಪ ಅಡ್ಡ ನಿಂತರು. ಅವರು ನನ್ನೊಡನೆ ಮಾತಾಡಲಿಲ್ಲ, ಅಮ್ಮನಿಗೆ ಹೇಳಿದರು: "ಹೆಣ್ ಮಗ ಕುರಿ ನೆತ್ರ ತೆಗೆಯದು ಹಟ್ಟಿಗೆ ಒಳ್ಳೇದಲ್ಲ ಕಣಮ್ಮ. ಬ್ಯಾಡ ಅನ್ನು."

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನನ್ ಪಾಲಿನ್ ಕುರೀನೂ ಐತಲ್ಲ ಬಾವ. ಅದ್ನ ನಾನೇ ಹಿಡ್ಕಂತೀನಿ. ನಿಮ್ಗೆ ಆಗ್ದಿದ್ರೆ ಅತ್ಲಾಗ್ ನೋಡಿ."

ಹೇಳಿದಂತೆಯೇ ಅವಳು ಕುರಿಯನ್ನು ತೊಡೆಗೊತ್ತಿ ಹಿಡಿದಳು. ನಾನು ಕತ್ತಿನ ರಕ್ತನಾಳಕ್ಕೆ ಸೂಜಿ ಹಾಕಿದೆ. ಬಿಟ್ಟ ಮೇಲೆ ಕುರಿ ಮೈ ಕೊಡವಿ ಮೇಯಲು ಹೋಯಿತು.

ಶಿರಾದಲ್ಲಿ, ರಕ್ತದ ಸೀಸೆಯಿಟ್ಟ ಫ್ಲಾಸ್ಕಿಗೆ ಐಸು ತುಂಬಿಸಿಕೊಂಡು ಬೆಂಗಳೂರು ಬಸ್ಸು ಹತ್ತಿದೆ. ಒಳಗೇನಿದೆ ಎಂದು ಕಂಡಕ್ಟರ್ ಕೇಳಿದಾಗ ನಿಜವನ್ನೇ ಹೇಳಿದೆ. ಅವನು ಇಳಿಯಿರಿ ಎಂದ. ಟಿಕೆಟ್ ತೋರಿಸಿ, ಇಳಿಯೋದಿಲ್ಲ ಎಂದೆ. ಪಕ್ಕದಲ್ಲಿದ್ದ ಹೆಂಗಸು ಎದ್ದು ಬೇರೆ ಕಡೆ ಕೂತಳು. ನಾನು ಫ್ಲಾಸ್ಕನ್ನು ಮಡಿಲಲ್ಲೇ ಇಟ್ಟುಕೊಂಡೆ.

ಲ್ಯಾಬಿನಲ್ಲಿ ಆ ರಕ್ತವನ್ನು ಎರಡು ಪಾಲು ಮಾಡಿದೆ. ಒಂದನ್ನು ಗಾಳಿ ಸೋಕುವಂತೆ ತೊಳೆದೆ. ಇನ್ನೊಂದನ್ನು, ಆಮ್ಲಜನಕವೆಲ್ಲ ಹೋಗುವಂತೆ ನೈಟ್ರೋಜನ್ ಹಾಯಿಸಿ ತೊಳೆದೆ. ಮೊದಲನೆಯದು ಹೆಚ್ಚುಕಡಿಮೆ ಬೆಳ್ಳಗಾಯಿತು; ಎರಡನೆಯದರಲ್ಲಿ ಕೆಂಪು ಉಳಿಯಿತು. ಅದಕ್ಕೇ ಮತ್ತೆ ಗಾಳಿಯಾಡಿಸಿ ತೊಳೆದಾಗ ಕೆಂಪು ಬಿಟ್ಟುಕೊಂಡಿತು. ಕೊಳೆಯಾಗಿದ್ದರೆ ಗಾಳಿ ಕಂಡು ಏಕೆ ಬಿಡಬೇಕು?

ಗೈಡು ಎರಡೂ ಕೊಳವೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಮತ್ತೆ ಮಾಡು" ಎಂದರಷ್ಟೆ. ಮತ್ತೆ ಮತ್ತೆ ಮಾಡಿದೆ, ಪ್ರತಿ ಸಲವೂ ಊರಿನ ಕುರಿಯ ರಕ್ತದಲ್ಲೇ. ಆದರೂ ಇದರ ಬಗ್ಗೆ ಬರೆದ ಅಧ್ಯಾಯವನ್ನು ಪ್ರಬಂಧದಿಂದ ತೆಗೆದರೆ ಬೇಗ ಪದವಿ ಸಿಗುತ್ತದೆ ಎಂದರು ಗೈಡು. ನಾನು ತೆಗೆಯಲಿಲ್ಲ. ಪದವಿ ತಡವಾಯಿತು; ಜೊತೆಯವರೆಲ್ಲ ನನಗಿಂತ ಮೊದಲು ಡಾಕ್ಟರ್ ಆದರು.

ಕೊನೆಗೆ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಬೇರೆಲ್ಲ ಬಿಟ್ಟು ಅದೇ ಅಧ್ಯಾಯ ತೆರೆದರು. "ಒಂದೊಂದೇ ಪ್ರೋಟೀನನ್ನು ಬೇರೆ ಮಾಡಿ ಎಲ್ಲರೂ ನೋಡ್ತಾರೆ, ನೀನು ಅವು ಒಂದನ್ನೊಂದು ಹಿಡಿಯೋದನ್ನ ನೋಡಿದ್ದೀಯ. ಇದರ ಬಗ್ಗೆ ಹೇಳಮ್ಮ" ಎಂದರು.

ಎದ್ದು ಹೋಗಿ ಸೀಮೆಸುಣ್ಣ ಕೈಗೆತ್ತಿಕೊಂಡೆ.