ಕೊನೆಯ ಸ್ವರದ ನಂತರ ಏನೂ ಬೇಡ

ಗರಗದಲ್ಲಿ ಖಾದಿ ನೇಯುವ ಶಾಂತವ್ವ ಇಟಲಿಯ ಪ್ರದರ್ಶನವೊಂದಕ್ಕೆ ಆಯ್ಕೆಯಾಗಬೇಕಾದರೆ, ವೀಡಿಯೊ ಸಂದರ್ಶನದಲ್ಲಿ ನಾಲ್ಕು ಮಾತು ಇಟಾಲಿಯನ್ ಆಡಬೇಕಿತ್ತು. ಕಲಿಸುವ ಹೊಣೆ ನನ್ನದು. ನಿಯಮಗಳನ್ನು ವಿಧಿಸಿದೆ: ಒತ್ತಕ್ಷರವನ್ನು ಒತ್ತಿಯೇ ನುಡಿಯಬೇಕು, ಕೊನೆಯ ಸ್ವರವನ್ನು ನುಂಗಬಾರದು, ಅದರಾಚೆ ಏನನ್ನೂ ಸೇರಿಸಬಾರದು. ಧನ್ಯವಾದಕ್ಕೆ "ಗ್ರಾತ್ಸಿಯೆ" ಎನ್ನಬೇಕು.

"ಗ್ರಾತ್ಸಿಯೆ ರಿ," ಎಂದಳು.

"'ರಿ' ಬೇಡ."

"ದೊಡ್ಡವರ ಜೋಡಿ 'ರಿ' ಇಲ್ಲದ ಹೆಂಗ ಮಾತಾಡ್ಲಿರಿ ಸರ್? ನಮ್ಮವ್ವ ಕೇಳಿದ್ರ ಬಾಯಿಗೇ ಹೊಡೀತಾಳ್ರಿ!"

ಮೂರು ದಿನ ತಿದ್ದಿದೆ. ಸಂದರ್ಶನದಲ್ಲಿ ಆಕೆ ಒಮ್ಮೆಯೂ ತಪ್ಪಲಿಲ್ಲ; ಆಯ್ಕೆಯಾದಳು. ಇಷ್ಟು ಶುದ್ಧವಾಗಿ ಕಲಿಸಿದ ಗುರುಗಳನ್ನು ನೋಡಬೇಕೆಂದು ಪರದೆಯ ಮೇಲಿದ್ದ ಇಟಲಿಯ ಮಹಿಳೆ ಕೇಳಿಕೊಂಡರು. ನಾನು ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಕೈಮುಗಿದು ಸ್ಪಷ್ಟವಾಗಿ ನುಡಿದೆ:

"ಗ್ರಾತ್ಸಿಯೆ ರಿ."

ಶಾಂತವ್ವ ನಗಲಿಲ್ಲ. ನಾನು ಕಲಿಸಿದ ಶಿಸ್ತು ಅವಳಿಗಾದರೂ ಹತ್ತಿತ್ತು.