ಕಾಲುವೆಯಿಂದ ಎದ್ದ ಫಟಫಟಿ

ನಮ್ಮ ಭಾವನವರ ಬಲ ಮೊಣಕಾಲಿನ ಕೆಳಗೆ, ಎಲುಬಿನ ಮೇಲೆಯೇ, ಬೆರಳುದ್ದದ ಒಂದು ಕರಿ ಕಲೆ ಇತ್ತು. ಅಲ್ಲಿ ಕೂದಲು ಬೆಳೆಯುತ್ತಿರಲಿಲ್ಲ. ಧೋತರ ಮೇಲೆ ಕಟ್ಟಿ ಅಂಗಳದಲ್ಲಿ ಕೂತರೆ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದೇ ಅದು. ಫಟಫಟಿಯ, ಅಂದರೆ ಹಳೆಯ ಮೋಟಾರ್ ಸೈಕಲ್ಲಿನ, ಕಿಕ್ ತಿರುಗಿ ಹೊಡೆದು ಆದ ಗಾಯ. ಅದೇ ಜಾಗಕ್ಕೆ ಎಷ್ಟು ಸಲ ಹೊಡೆದಿತ್ತೋ ದೇವರಿಗೇ ಗೊತ್ತು. ಹೊಡೆದಾಗಲೆಲ್ಲ ಒಂಟಿಗಾಲಲ್ಲಿ ಕುಂಟುತ್ತ ಹೋಗಿ ಕಟ್ಟೆಯ ಮೇಲೆ ಕೂತು, ಕಾಲು ತಿಕ್ಕಿಕೊಳ್ಳುತ್ತ, "ಇವತ್ತ ಇದಕ್ಕ ಮನಸಿಲ್ಲ" ಎನ್ನುತ್ತಿದ್ದರು. ಬೈಯುತ್ತಿರಲಿಲ್ಲ. ಮನುಷ್ಯರನ್ನೂ ಬೈಯುತ್ತಿರಲಿಲ್ಲ, ಕಬ್ಬಿಣವನ್ನೂ ಬೈಯುತ್ತಿರಲಿಲ್ಲ. ಆ ಮನೆಯಲ್ಲಿ ಬೈಯುವ ಕೆಲಸ ನನ್ನದೂ ನಮ್ಮ ಅತ್ತೆಯದೂ ಆಗಿತ್ತು.

ಭಾವ ನನ್ನ ಗಂಡನ ಅಣ್ಣ. ವಯಸ್ಸಿನಲ್ಲಿ ತುಂಬ ದೊಡ್ಡವರು. ಅಪ್ಪನಿಲ್ಲದ ತಮ್ಮನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು. ಅವರ ಹೆಂಡತಿ ಲಗ್ನವಾದ ವರ್ಷವೇ ತೀರಿಕೊಂಡಿದ್ದಳಂತೆ. ಮತ್ತೆ ಆ ಸುದ್ದಿಗೇ ಹೋಗಲಿಲ್ಲ. ಕೆಂಭಾವಿಯ ಒಂದು ಗೊಬ್ಬರದಂಗಡಿಯಲ್ಲಿ ಗುಮಾಸ್ತರಾಗಿದ್ದರು. ಆಗ ಕಾಲುವೆ ನೀರು ಬಂದ ಹೊಸದು. ಜೋಳ, ತೊಗರಿ ಬಿಟ್ಟರೆ ಬೇರೇನೂ ಕಾಣದ ನಮ್ಮ ಹೊಲಗಳಲ್ಲಿ ಭತ್ತ ನಿಂತಿತ್ತು, ಗೊಬ್ಬರದಂಗಡಿಗಳಿಗೆ ಪುರುಸೊತ್ತಿರಲಿಲ್ಲ. ವಾರವಿಡೀ ಚೀಲ ಎಣಿಸಿ ಬಂದ ಮನುಷ್ಯ ರವಿವಾರ ಕಾಲು ಚಾಚಿ ಮಲಗಬೇಕು. ಇವರು ನಟ್ಟು ತಿರುವುವ ಪಾನಾ ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದರು.

ಆ ಫಟಫಟಿಯೂ ಕಾಲುವೆಯ ಸಂಗಡವೇ ನಮ್ಮ ಕಡೆ ಬಂದದ್ದು. ಕಾಲುವೆ ತೋಡುವಾಗ ಹುಣಸಗಿ ಹತ್ತಿರದ ಕ್ಯಾಂಪಿನಲ್ಲಿ ಯಾರೋ ಸಾಹೇಬರು ಓಡಿಸಿ, ಕೆಲಸ ಮುಗಿದ ಮೇಲೆ ಶೆಡ್ಡಿನ ಹಿಂದೆ ಬಿಟ್ಟುಹೋಗಿದ್ದರು. ಆಗಲೇ ಅದು ಹಳೆಯ ಕಾಲದ ಗಾಡಿ. ಅಂಥ ದುಂಡನೆಯ ಪೆಟ್ರೋಲ್ ಟಾಕಿಯ ಗಾಡಿ ಶಹಾಪುರದಲ್ಲೂ ನೋಡಲು ಸಿಗುತ್ತಿರಲಿಲ್ಲ. ಭಾವ ಎತ್ತಿನ ಬಂಡಿಯಲ್ಲಿ ಹಾಕಿಕೊಂಡು ಬಂದಾಗ ಸೀಟಿನೊಳಗೆ ಇಲಿ ಮರಿ ಹಾಕಿತ್ತು. ಅವರು ಯಾರ ಕೈಯಲ್ಲೂ ಕೆಲಸ ಕಲಿತವರಲ್ಲ. ಸುರಪುರಕ್ಕೋ ಶಹಾಪುರಕ್ಕೋ ಹೋದಾಗ ಮಿಸ್ತ್ರಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡುವುದು, ಮನೆಗೆ ಬಂದು ಬಿಚ್ಚುವುದು. ಎಲ್ಲ ಜೋಡಿಸಿದ ಮೇಲೆ ಒಂದೆರಡು ನಟ್ಟು ಕೈಯಲ್ಲೇ ಉಳಿಯುತ್ತಿದ್ದವು, ಮತ್ತೆ ಮೊದಲಿನಿಂದ ಬಿಚ್ಚುವುದು. ಇಂಜಿನ್ನಿನ ಪ್ಯಾಕಿಂಗಿಗೆ ಲಗ್ನದ ಕಾರ್ಡು ಕತ್ತರಿಸಿ ಹಾಕುತ್ತಿದ್ದರು. ನನ್ನ ಲಗ್ನದ ಕಾರ್ಡೂ ಹಾಗೇ ಹೋಯಿತು. ಬಿಚ್ಚಿದ ಸಾಮಾನು ಸಾಲಾಗಿ ಇಡಲು ಅತ್ತೆಯ ಹಿಟ್ಟು ನಾದುವ ಪರಾತವೇ ಬೇಕು.

"ನನ್ನ ರೊಟ್ಟಿ ಗ್ರೀಸ್ ವಾಸನಿ ಹೊಡ್ಯಾಕತ್ತಾವ. ಇನ್ನೊಂದ ಸಲ ಪರಾತ ಮುಟ್ಟು, ನೋಡ್ತೀನಿ" ಎಂದು ಅತ್ತೆ ಒಳಗಿನಿಂದ ಕೂಗುತ್ತಿದ್ದರು.

"ತೊಳದ ಕೊಡ್ತೀನ ಯವ್ವ" ಎಂದು ಇವರು ಅದರಲ್ಲಿ ಇನ್ನೊಂದು ಸಾಮಾನು ಇಡುತ್ತಿದ್ದರು.

ಗಾಡಿ ಕೊನೆಗೂ ಓಡಿತು. ಭಾವ ಓಡಿಸಿದ್ದು ಕಡಿಮೆ, ನನ್ನ ಗಂಡ ಓಡಿಸಿದ್ದೇ ಹೆಚ್ಚು. ಕಾಲುವೆಯ ದಂಡೆ ಹಿಡಿದು ಹೊಲಕ್ಕೆ ಹೋಗಿಬರುವುದಕ್ಕೆ ಅದೇ ಆಯಿತು.

ಆ ಮುಂಜಾನೆ ನಾನೂ ಗಂಡನೂ ಜಗಳವಾಡಿದೆವು. ನನ್ನನ್ನೂ ಕೂಸನ್ನೂ ತಿಂಥಣಿ ಹತ್ತಿರದ ನನ್ನ ತವರಿಗೆ ಕರೆದೊಯ್ಯುತ್ತೇನೆಂದವನು, ನಮ್ಮ ಹೊಲದ ನೀರಿನ ಪಾಳಿ ಬಂದಿದೆ, ಆಗುವುದಿಲ್ಲ ಎಂದ. ನನ್ನ ಬಾಯಿ ಮೊದಲಿನಿಂದಲೂ ಬಿರುಸು. ಓಣಿಗೆ ಕೇಳುವಂತೆ ಬೈದೆ. ಅವನು ತಾಟಿನ ಮುಂದಿನಿಂದ ಎದ್ದು ಗಾಡಿ ಹತ್ತಿ ಹೋದ. ಹೊತ್ತೇರುವುದರೊಳಗೆ ಸುದ್ದಿ ಬಂತು: ಗಾಡಿ ಸಮೇತ ಕಾಲುವೆಗೆ ಬಿದ್ದಿದ್ದಾನೆ. ಕಾಲುವೆ ತುಂಬಿ ಹರಿಯುತ್ತಿತ್ತು. ಗಂಡನ ಹೆಣ ಮರುದಿನ ಕೆಳಗಿನ ಗೇಟಿನ ಹತ್ತಿರ ಸಿಕ್ಕಿತು. ಗಾಡಿ ಸಿಗಲಿಲ್ಲ.

ಜಗಳ ಓಣಿಗೆಲ್ಲ ಕೇಳಿತ್ತಲ್ಲ, ಮಾತು ಹುಟ್ಟಲು ಇನ್ನೇನು ಬೇಕು. ಹೆಂಡತಿಯ ಬಾಯಿಗೆ ಬೇಸತ್ತು ತಾನಾಗಿಯೇ ಕಾಲುವೆಗೆ ಹಾರಿದ ಎಂದರು. ಅತ್ತೆ ಮೊದಲು ಆ ಮಾತು ಆಡಿದವರ ಮೇಲೆ ಹರಿಹಾಯ್ದರು. ಆಮೇಲೆ ಸುಮ್ಮನಾದರು. ಆಮೇಲೆ ತಾವೂ ನಂಬಿದರು. "ಈಕಿ ತವರಿಗೆ ಹೋಗಲಿ. ಕೂಸು ನನ್ನ ಮಗಂದು, ಇಲ್ಲೇ ಇರಲಿ" ಎಂದು ಹಿರಿಯರಿಗೆ ಹೇಳಿ ಕಳಿಸಿದರು. ನನ್ನ ಕೂಸಿಗೆ ಇನ್ನೂ ಎದೆಹಾಲು ಬಿಡಿಸಿರಲಿಲ್ಲ. ಅದನ್ನು ಬಿಟ್ಟು ಬಸ್ಸು ಹತ್ತುವುದೆಂದರೆ ನಾನೂ ಆ ಕಾಲುವೆಗೇ ಹೋಗಬೇಕಿತ್ತು, ಅಷ್ಟೇ.

ಬೇಸಿಗೆಯಲ್ಲಿ ಕಾಲುವೆಯ ನೀರು ನಿಲ್ಲಿಸಿದರು. ತಳದ ಕೆಸರಿನಲ್ಲಿ ಗಾಡಿ ಕಂಡಿತು. ಭಾವ ಮತ್ತೆ ಎತ್ತಿನ ಬಂಡಿ ಕಟ್ಟಿಕೊಂಡು ಹೋಗಿ ತಂದರು. ಅಂಗಳದ ಮೂಲೆಯಲ್ಲಿ ಹಾಕಿ, ಯಾರನ್ನೂ ಹತ್ತಿರ ಬರಗೊಡದೆ ಬಿಚ್ಚಿದರು. ನಾನು ನೀರು ಒಯ್ದರೆ, "ಅಲ್ಲೇ ಇಡವ್ವ" ಎಂದರು. ತಲೆ ಎತ್ತಿ ನೋಡಲಿಲ್ಲ.

ಹಿರಿಯರು ಪಡಸಾಲೆಯಲ್ಲಿ ಸೇರಿದ ದಿನ ನನ್ನ ಅಣ್ಣ ನನ್ನನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ಕೂತಿದ್ದ. ನಾನು ಕೂಸನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಭಾವ ಒಳಗೆ ಬಂದು ಒಂದು ಮುರಿದ ಕಬ್ಬಿಣದ ಕಂಬಿಯನ್ನು ಹಿರಿಯರ ಮುಂದೆ ಇಟ್ಟರು.

"ಇದು ಹಿಂದಿನ ಬ್ರೇಕಿನ ರಾಡು. ನಾನ ಹಾಕಿದ್ದು. ಮುರದು ಹೋಗ್ಯಾದ. ತಮ್ಮ ಬ್ರೇಕ್ ಒತ್ಯಾನ, ಹತ್ತಿಲ್ಲ. ಕಸೂರ್ ನಂದು. ಈ ಹುಡುಗಿಗೆ ಏನೂ ಅನಬ್ಯಾಡ್ರಿ."

ಕಂಬಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಎಲ್ಲರೂ ಮುರಿದ ತುದಿಯನ್ನು ಬೆರಳಿಂದ ಮುಟ್ಟಿ ನೋಡಿದರು. ಹಿರಿಯರೊಬ್ಬರು, "ಕಲೀದ ಕೆಲಸಕ್ಕ ಕೈ ಹಾಕಬಾರದಿತ್ತಪ್ಪ ನೀ" ಎಂದರು. ಭಾವ ಹೌದೆಂದು ತಲೆಯಾಡಿಸಿದರು. ಅಣ್ಣ ಒಬ್ಬನೇ ತಿರುಗಿ ಹೋದ.

ಅಂದಿನಿಂದ ಅತ್ತೆಯ ಸಿಟ್ಟು ಭಾವನ ಮೇಲೆ ತಿರುಗಿತು. ಮಗನನ್ನು ಮಾತಾಡಿಸುವುದು ಬಿಟ್ಟರು, ಅವರ ತಾಟಿಗೆ ರೊಟ್ಟಿ ಹಾಕುವುದು ಬಿಟ್ಟರು. ನಾನೇ ಬಡಿಸುತ್ತಿದ್ದೆ, ನನಗೂ ಸಿಟ್ಟಿತ್ತು. ತಾಟು ಸದ್ದಾಗುವಂತೆ ಇಡುತ್ತಿದ್ದೆ. ಮೊದಲು ಓಣಿಯವರ ಡೀಸೆಲ್ ಪಂಪು ಕೆಟ್ಟರೆ ಭಾವನನ್ನೇ ಕರೆಯುತ್ತಿದ್ದರು. ಈಗ ಯಾರೂ ಕರೆಯಲಿಲ್ಲ. "ತಮ್ಮನ್ನ ಕೊಂದ ಕೈ" ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಅವರು ಅಂಗಡಿಗೆ ಹೋಗುತ್ತಿದ್ದರು, ಬರುತ್ತಿದ್ದರು, ನನ್ನ ಮಗಳನ್ನು ಆಡಿಸುತ್ತಿದ್ದರು.

ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಒಂದು ಬೇಸಿಗೆ ಭಾವ ಆ ತುಕ್ಕು ಹಿಡಿದ ಗಾಡಿಯನ್ನು ಮತ್ತೆ ಕಟ್ಟಲು ಶುರುಮಾಡಿದರು. ನನಗೆ ಮೈ ಉರಿಯಿತು. "ಅದನ್ನ ಮುಟ್ಟಾಕ ನಿಮಗ ಮನಸಾದ್ರೂ ಹ್ಯಾಂಗ ಬರತದ್ರಿ?" ಎಂದು ಕೇಳಿಯೇಬಿಟ್ಟೆ. "ಹಿಂಗ ಬಿದ್ದಿರೂದು ನೋಡಾಕ ಆಗಂಗಿಲ್ಲವ್ವ" ಎಂದರು. ಪ್ರತಿ ಸಾಮಾನನ್ನೂ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಉಸುಕಿನ ಕಾಗದದಿಂದ ತಿಕ್ಕಿ, ಬೆಳಕಿಗೆ ಹಿಡಿದು ನೋಡುವರು. ಕೊಳೆತದ್ದನ್ನು ಸುರಪುರದ ಗುಜರಿಯಲ್ಲಿ ಹುಡುಕಿ ತರುವರು. ಹಾಗೆ ಇನ್ನೊಂದು ಬೇಸಿಗೆಯೂ ಹೋಯಿತು.

ಒಂದು ಮಧ್ಯಾಹ್ನ ನನ್ನನ್ನು ಕರೆದು, "ಜರಾ ಬ್ರೇಕ್ ಒತ್ತಿ ಹಿಡಿಯವ್ವ" ಎಂದರು. ಒತ್ತಿದೆ. ತಿರುಗುತ್ತಿದ್ದ ಹಿಂದಿನ ಗಾಲಿ ಗಕ್ಕನೆ ನಿಂತಿತು. ನನ್ನ ಕಣ್ಣು ಬ್ರೇಕಿನ ರಾಡಿನ ಮೇಲೆ ಬಿತ್ತು. ಹೊಸದಲ್ಲ. ಮೈತುಂಬ ತುಕ್ಕು ತಿಂದ ಕುಳಿಗಳು, ನೀರಿನಲ್ಲಿ ಬಿದ್ದಿದ್ದ ಉಳಿದ ಸಾಮಾನಿನ ಹಾಗೇ. ಆದರೆ ಎಲ್ಲೂ ಮುರಿದಿರಲಿಲ್ಲ.

"ಭಾವಾರ, ಇದು ಮುರದಿತ್ತಲ್ಲರಿ?"

ಅವರು ಗಾಲಿಯ ಹಿಂದಿನಿಂದ ಏಳಲಿಲ್ಲ. "ಮುರದಿದ್ದು ಬ್ಯಾರೆದ್ದು" ಎಂದರು. "ಗಾಡಿ ಮೊದಲ ಕ್ಯಾಂಪಿನಿಂದ ತಂದಾಗ ಇತ್ತಲ್ಲ, ಅದು. ಹಳೇ ಸಾಮಾನಿನ ಡಬ್ಬ್ಯಾಗ ಬಿದ್ದಿತ್ತು. ಅವತ್ತ ಹಿರ್ಯಾರ ಮುಂದ ಅದನ್ನ ಇಟ್ಟಿದ್ದೆ."

ನಾನು ಅಲ್ಲೇ ಕೂತೆ. "ಹಂಗಾದ್ರ ಅವರು ಖರೇನ ಹಾರ್ಯಾರೇನ್ರಿ?"

"ಇಲ್ಲವ್ವ." ಈಗ ಅವರು ಎದ್ದು ನನ್ನೆದುರು ಬಂದು ಕೂತರು. "ಗೇರಿನ ಪೆಟ್ಟಿಗಿ ಬಿಚ್ಚಿದಾಗ ನೋಡಿನಿ. ಕೆಸರು ಹೊಕ್ಕು ಗೇರ್ ಅಲ್ಲೇ ಹಿಡಕೊಂಡಿತ್ತು. ಎರಡನೇ ಗೇರ್‌ನಾಗ ಇತ್ತು. ಮೆಲ್ಲಗ ಹೊಂಟಿದ್ದ ಅವ. ಸಾಯಾಕ ಹೋಗಾವ ಎರಡನೇ ಗೇರ್‌ನಾಗ ಹೋಗ್ತಾನೇನು? ದಂಡಿ ಮ್ಯಾಲ ನೀರು ಬಂದು ಕೆಸರಾಗಿತ್ತು. ಜಾರ್ಯಾನ, ಅಷ್ಟ."

"ಇದನ್ನ ಅವತ್ತ ಹೇಳಬಾರದಿತ್ತೇನ್ರಿ?"

"ಹಿರ್ಯಾರಿಗೆ ಗೇರಿನ ಮಾತು ತಿಳೀತಿತ್ತೇನು? ಮುರದ ಕಬ್ಬಿಣ ಎಲ್ಲಾರ ಕಣ್ಣಿಗೂ ಕಾಣತದ. ನೀ ಹೋಗಿಬಿಡ್ತಿದ್ದಿ, ಕೂಸು ತಾಯಿಲ್ಲದಂಗ ಬೆಳೀತಿತ್ತು."

ಎಷ್ಟು ಅತ್ತೆನೋ ನನಗೇ ಗೊತ್ತಿಲ್ಲ. ಇಷ್ಟು ವರ್ಷ ಈ ಮನುಷ್ಯನ ಮುಂದೆ ತಾಟು ಕುಕ್ಕಿದ್ದೆನಲ್ಲ ಎಂದು ಸಂಕಟವಾಯಿತು. "ನಿಮ್ಮವ್ವಗ ಹೇಳ್ತೀನಿ" ಎಂದೆ. "ಬ್ಯಾಡ" ಎಂದರು. "ಆಕಿಗೆ ಸಿಟ್ಟು ಮಾಡಾಕ ಯಾರರ ಬೇಕು. ನಾ ಹೊಟ್ಟ್ಯಾಗಿನ ಮಗ, ತಡಕೋತೀನಿ. ಮತ್ತ ನಿನ್ನ ಮ್ಯಾಲ ತಿರುಗ್ತಾಳ."

ನಾನು ಕೇಳಲಿಲ್ಲ. ಅಂದು ಸಂಜೆ ಅತ್ತೆ ತೊಗರಿಬೇಳೆ ಹಸನು ಮಾಡುತ್ತಿದ್ದರು. ಎದುರಿಗೆ ಕೂತು ಎಲ್ಲ ಹೇಳಿದೆ. "ನನ್ನ ಕಳಸೂದಿದ್ರ ಕಳಸ್ರಿ. ನಿಮ್ಮ ಮಗನ ಜೋಡಿ ಮಾತಾಡ್ರಿ" ಎಂದೆ. ಅತ್ತೆಯ ಕೈ ಮೊರದಲ್ಲೇ ನಿಂತಿತು.

"ಎರಡನೇ ಗೇರ್ ಅಂದ್ರೇನು?"

"ಮೆಲ್ಲಗ ಹೊಂಟಿದ್ರು ಅಂತರಿ."

"ಮೆಲ್ಲಗ ಹೊಂಟಿದ್ನಾ ನನ್ನ ಮಗ" ಎಂದು ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ನನ್ನ ಗಂಡ ಸತ್ತಾಗಲೂ ಅವರು ಹಾಗೆ ಅತ್ತಿರಲಿಲ್ಲ. ರಾತ್ರಿ ಊಟಕ್ಕೆ ನನ್ನ ಕೈಯಿಂದ ಬುಟ್ಟಿ ಕಿತ್ತುಕೊಂಡು ತಾವೇ ಭಾವನ ತಾಟಿಗೆ ರೊಟ್ಟಿ ಹಾಕಿದರು. ಭಾವ ನನ್ನ ಮುಖ ನೋಡಿದರು. "ಆಕಿನ್ನೇನ ನೋಡ್ತಿ, ತಿನ್ನು" ಎಂದರು ಅತ್ತೆ. ಅವರು ತಲೆ ತಗ್ಗಿಸಿ ತಿಂದರು. ನನ್ನೊಡನೆ ಅತ್ತೆ ಕೆಲವು ದಿನ ಮಾತಾಡಲಿಲ್ಲ, ಆದರೆ ಹೋಗು ಎನ್ನಲಿಲ್ಲ. ಊರಿಗೆ ಮಾತ್ರ ಹೇಳಕೂಡದೆಂದು ಭಾವ ಇಬ್ಬರಿಂದಲೂ ಆಣೆ ಮಾಡಿಸಿಕೊಂಡರು.

ಗಾಡಿ ಚಾಲೂ ಆಯಿತು. ಕೆಂಭಾವಿಗೆ ಅದರ ಮೇಲೆಯೇ ಹೋಗಿಬರುತ್ತಿದ್ದರು, ಕಾಲುವೆ ದಂಡೆ ಬಿಟ್ಟು ಸುತ್ತಿನ ದಾರಿಯಲ್ಲಿ. ಊರಿನವರ ಪಾಲಿಗೆ ಅವರು ಕೊನೆಯವರೆಗೂ ತಮ್ಮನನ್ನು ಕೊಂದವರೇ. ನನ್ನ ಮಗಳ ಲಗ್ನ ಮಾಡಿ, ಆಮೇಲೆ ಎದೆನೋವಿನಿಂದ ತೀರಿಕೊಂಡರು. ಹಣ್ಣಾಗಿದ್ದ ಅತ್ತೆ ಇನ್ನೂ ಇದ್ದರು.

ಹೆಣದ ಸುತ್ತ ಊರು ಸೇರಿತ್ತು. ಅಂದು ಕಂಬಿ ಮುಟ್ಟಿ ನೋಡಿದವರಲ್ಲಿ ಉಳಿದವರೂ ಬಂದಿದ್ದರು. ಅತ್ತೆ ಮಗನ ತಲೆಯ ಹತ್ತಿರ ಕೂತು, ಅಳದೆ, ಎಲ್ಲರಿಗೂ ಕೇಳುವಂತೆ ಹೇಳಿದರು: "ಕೇಳ್ರಿ. ನನ್ನ ಸಣ್ಣ ಮಗ ಜಾರಿ ಬಿದ್ದ. ಈ ದೊಡ್ಡಾವ ಏನೂ ಮಾಡಿಲ್ಲ. ಇಷ್ಟು ವರ್ಷ ಸುಳ್ಳ ಹೊತ್ತಾನ."

ಹಿರಿಯರೊಬ್ಬರ ಕಣ್ಣು ನನ್ನ ಕಡೆ ತಿರುಗಿತು. ಅವರು ಬಾಯಿ ತೆರೆಯುವ ಮೊದಲೇ ಅತ್ತೆ ನನ್ನ ಮುಂಗೈ ಹಿಡಿದರು.

"ಈಕಿನ್ನ ಏನೂ ಕೇಳಬ್ಯಾಡ್ರಿ. ಈಕಿ ಈ ಮನಿಯಾಕಿ."

ಇವತ್ತಿಗೂ ನಾನು ಆ ಮನೆಯಲ್ಲೇ ಇದ್ದೇನೆ.