ಟೀಚರಮ್ಮನ ಪಟ್ಟಿ

ನಮ್ಮೂರಿನ ಬೇರೆ ಹೆಂಗಸರ ತುರುಬಿನಲ್ಲಿ ಕನಕಾಂಬರ ಇದ್ದರೆ, ಅಂಗನವಾಡಿ ಟೀಚರಮ್ಮನ ತುರುಬಿನಲ್ಲಿ ಎರಡು ಪೆನ್ನು. ನೀಲಿಯದು ಹೆಸರು ಸೇರಿಸಲು, ಕೆಂಪಿನದು ಹೊಡೆದುಹಾಕಲು. ಮಕ್ಕಳಿಗೆ ಉಪ್ಪಿಟ್ಟು ಬಡಿಸಿ ಮುಗಿದ ಮೇಲೆ ಮತದಾರರ ಪಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಮನೆಮನೆ ಸುತ್ತುವುದು ಅವರ ಎರಡನೇ ಕೆಲಸ. ಅವರ ಕೈ ತಲೆಯ ಹಿಂದಕ್ಕೆ ಹೋದರೆ ಸಾಕು, ಹಾಸಿಗೆ ಹಿಡಿದ ಮುದುಕರೂ ಯಾವ ಪೆನ್ನು ಬರುತ್ತದೋ ಎಂದು ಎದ್ದು ಕೂರುತ್ತಿದ್ದರು.

ಶ್ರೀರಾಂಪುರದಿಂದ ಮತ್ತೋಡಿಗೆ ಹೋಗುವ ಬಸ್ಸು ನಮ್ಮೂರಲ್ಲಿ ನಿಲ್ಲುವ ಕಡೆ ಎದುರುಬದುರು ಎರಡು ಟೀ ಅಂಗಡಿ. ಒಂದು ಪಕ್ಷದವರು ಇಲ್ಲಿ ಕುಡಿದರೆ ಇನ್ನೊಂದು ಪಕ್ಷದವರು ಅಲ್ಲಿ. ಯಾರ ಒಲವು ಎತ್ತ ಎಂದು ತಿಳಿಯಲು ಗ್ಲಾಸು ನೋಡಿದರೆ ಸಾಕು. ನಾನು ಎರಡೂ ಕಡೆ ಕುಡಿಯುತ್ತಿದ್ದೆ; ಯಾರ ಧ್ವನಿಯನ್ನಾದರೂ ಅನುಕರಿಸುವ ಮಿಮಿಕ್ರಿ ನನ್ನ ಕಸುಬು. ಪ್ರಚಾರದ ಆಟೋದಲ್ಲಿ ಬೆಳಿಗ್ಗೆ ಒಬ್ಬ ಅಭ್ಯರ್ಥಿಯ ಗಂಟಲು, ಸಂಜೆ ಅವರ ಎದುರಾಳಿಯ ಗಂಟಲು. ಒಮ್ಮೆ ಮೈಮರೆತು ಒಬ್ಬರ ಧ್ವನಿಯಲ್ಲಿ ಇನ್ನೊಬ್ಬರಿಗೆ ಓಟು ಕೇಳಿಬಿಟ್ಟೆ. ಎರಡೂ ಅಂಗಡಿಯವರು ಒಂದಾಗಿ ನನ್ನನ್ನು ಅಟ್ಟಿಸಿಕೊಂಡು ಬಂದರು. ಊರನ್ನು ಒಗ್ಗೂಡಿಸಿದ ಏಕೈಕ ರಾಜಕೀಯ ಭಾಷಣ ಅದು.

ಟೀಚರಮ್ಮ ಮಾತ್ರ ಮನೆಯಲ್ಲೇ ಟೀ ಕುಡಿದು ಬರುತ್ತಿದ್ದರು. "ನಿಮ್ದು ಯಾವ್ ಕಡೆ, ಹೇಳ್ರಿ" ಎಂದು ನಾನು ದುಂಬಾಲು ಬಿದ್ದರೆ, "ಪಟ್ಟಿ ಕಡೆ ಕಣೋ. ನೀನು ಯಾವ ಕಡೆ ಅಂತ ಆ ಮೈಕಿಗಾದ್ರೂ ಗೊತ್ತೈತಾ?" ಎನ್ನುವರು. ಓಟಿನ ದಿನ ಬಾಗಿಲು ಬಾಗಿಲಿಗೆ ಹೋಗಿ ಗದರುವುದೂ ಇತ್ತು: "ಉಂಡು ಹೋಗ್ತೀನಿ ಅಂದೋನು ಉಂಡು ಮಲಗ್ತೀಯ. ಹಾಕ್ಬಂದು ಉಣ್ಣು, ಏಳು!"

ಒಂದು ಎಲೆಕ್ಷನ್‌ನಲ್ಲಿ ಆ ಪಟ್ಟಿಯ ಮೇಲೇ ಕಲ್ಲು ಬಿತ್ತು. ಊರಾಚೆಯ ಹಟ್ಟಿಯಲ್ಲಿ ಕುರಿ ಸಾಕುವ ಒಂದು ದೊಡ್ಡ ಕುಟುಂಬವಿದೆ. ಬೇಸಿಗೆಯಲ್ಲಿ ಅವರೆಲ್ಲ ಮಂದೆ ಹೊಡೆದುಕೊಂಡು ಭದ್ರಾ ನಾಲೆಯ ಗದ್ದೆಗಳ ಕಡೆ ಹೋಗಿಬಿಡುತ್ತಾರೆ. ಅವರ ಓಟೆಲ್ಲ ಎದುರು ಪಕ್ಷಕ್ಕೇ ಬೀಳುತ್ತವೆಂದು ಒಂದು ಅಂಗಡಿಯ ಮುಖಂಡನಿಗೆ ಗುಮಾನಿ. ಅಂಗನವಾಡಿ ಬಾಗಿಲಲ್ಲಿ ನಿಂತು ಕೂಗಾಡಿದ: "ಬೀಗ ಹಾಕಿದ ಮನೇಲಿ ಹತ್ತೊಂಬತ್ತು ಓಟು ಬರ್ದೀಯಲ್ಲಮ್ಮ! ಸುಳ್ಳು ಪಟ್ಟಿ ಇದು. ಓಟಿನ ದಿನ ಅವ್ರು ಬರ್ಲಿಲ್ಲ ಅಂದ್ರೆ ಮ್ಯಾಲಕ್ಕೆ ಬರೀತೀನಿ. ನಿನ್ ಕೆಲ್ಸ ಇರಲ್ಲ."

"ಮೇವು ಹುಡಿಕ್ಯಂಡು ಹೋಗ್ಯಾರೆ ಕಣಪ್ಪ, ಊರು ಬಿಟ್ಟು ಹೋಗಿಲ್ಲ" ಎಂದರು ಟೀಚರಮ್ಮ. ಅಷ್ಟು ವರ್ಷ ಬಿಸಿಲಲ್ಲಿ ತಿರುಗಿ ಬರೆದ ಪಟ್ಟಿಯನ್ನು ಯಾರೂ ಸುಳ್ಳು ಎಂದಿರಲಿಲ್ಲ.

ಅಂದು ಸಂಜೆ ನನ್ನನ್ನು ಕರೆಸಿದರು. ಹಟ್ಟಿಯ ಹಿರಿಯಜ್ಜನ ಫೋನ್ ನಂಬರು ಊರಿನಲ್ಲಿ ನನ್ನೊಬ್ಬನ ಹತ್ತಿರವೇ ಇತ್ತು. ಕಾರಣ ಹೇಳಲು ನಾಚಿಕೆ: ಹಿಂದೊಮ್ಮೆ ದನದ ಡಾಕ್ಟರ ಧ್ವನಿಯಲ್ಲಿ ಫೋನ್ ಮಾಡಿ, ಇಂಜೆಕ್ಷನ್ ಹಾಕಲು ಬರುತ್ತಿದ್ದೇನೆ, ಕುರಿಗಳನ್ನು ಸಾಲಾಗಿ ನಿಲ್ಲಿಸಿಕೊಂಡಿರಿ ಎಂದು ಅಜ್ಜನನ್ನು ಅರ್ಧ ದಿನ ಕಾಯಿಸಿದ್ದೆ.

"ಅಭ್ಯರ್ಥಿ ದನೀಲಿ ಕರೀಲಾ ಟೀಚರಮ್ಮ? ಓಡಿ ಬರ್ತಾರೆ" ಎಂದೆ.

"ಪಟ್ಟಿ ಸುಳ್ಳು ಅಂದೋರ ಮುಂದೆ, ಸುಳ್ಳು ಹೇಳಿ ಕರ್ಕಂಬಂದು ನಿಲ್ಲಿಸ್ಲೇನೋ? ನಿನ್ ದನೀಲೇ ಮಾಡು."

ನನ್ನ ಧ್ವನಿಯನ್ನು ಎಲ್ಲಿಟ್ಟಿದ್ದೆನೋ, ಹುಡುಕಿ ತೆಗೆಯುವಷ್ಟರಲ್ಲಿ ಅಜ್ಜ ಫೋನ್ ಎತ್ತಿದ.

"ಅಜ್ಜ, ನಾನು."

"ಇದ್ಯಾರ್ ದನಿ ಮಾಡ್ತಿದ್ದೀಯಲೇ?"

"ನಂದೇ ಅಜ್ಜ."

"ನಿಂದು ಇಷ್ಟ್ ಸಣ್ಣಗೈತಾ? ಮಡಗಲೇ ಫೋನು!"

ಟೀಚರಮ್ಮ ಫೋನ್ ಕಿತ್ತುಕೊಂಡು "ನಾನಪ್ಪ, ಟೀಚರು" ಎಂದರೆ, "ಇದೂ ನೀನೇ, ಗೊತ್ತೈತೆ ಬಿಡಲೇ" ಎಂದ ಅಜ್ಜ. ಟೀಚರಮ್ಮ ನನ್ನನ್ನು ಸುಡುವಂತೆ ನೋಡಿ ಶುರುಮಾಡಿದರು: "ಕೇಳು. ನಿಮ್ಮನೇಲಿ ಹತ್ತೊಂಬತ್ತು ಓಟು. ನೀನು ಹುಟ್ಟಿದ ವರ್ಷ ನಿಂಗೇ ಗೊತ್ತಿಲ್ದೆ ನಿನ್ ಅಕ್ಕನ್ನ ಕೇಳಿ ಬರ್ದೀನಿ. ಕಿರೀ ಸೊಸೆ ಫೋಟೋದಾಗೆ ಕಣ್ಣು ಮುಚ್ಚಿದ್ಲು ಅಂತ ಎಲ್ಡು ಸಲ ತೆಗೆಸೀನಿ. ನಿನ್ ಹೆಂಡ್ತಿ ಹೋದಾಗ ಅವಳ ಹೆಸ್ರು ಹೊಡೆಯಾಕೆ ಬಂದ್ರೆ ನನ್ ಕೈ ಹಿಡ್ಕಂಡು, ಇನ್ನೊಂದ್ ಎಲೆಕ್ಷನ್ ತನಕ ಇಟ್ಟಿರವ್ವ ಅಂದಿದ್ದೆ. ಆದ್ರೂ ಹೊಡ್ದೀನಿ, ಸುಳ್ಳು ಬರೀಬಾರ್ದು ಅಂತ."

ಆ ಕಡೆ ಅಜ್ಜ ಕುರಿಗಳನ್ನು ಗದರಿ ಆಚೆ ಅಟ್ಟುವುದು ಕೇಳಿಸಿತು. ಆಮೇಲೆ ಅಜ್ಜನೆಂದ: "ಬರ್ತೀವಿ ಟೀಚರಮ್ಮ."

ಓಟಿನ ದಿನ ಸಂಜೆ ಐದೂವರೆಯಾದರೂ ಹಟ್ಟಿಯವರ ಸುಳಿವಿಲ್ಲ. "ಎಲ್ಲವ್ರೆ ನಿನ್ ಹತ್ತೊಂಬತ್ತು ಜನ?" ಎಂದು ಮುಖಂಡ ಎರಡು ಸಲ ಬಂದು ಕೇಳಿ ಹೋದ. ಟೀಚರಮ್ಮ ಮತಗಟ್ಟೆಯಿದ್ದ ಶಾಲೆಯ ಗೇಟು ಬಿಟ್ಟು ಅಲುಗಲಿಲ್ಲ, ನೀರೂ ಕುಡಿಯಲಿಲ್ಲ. ಆರಕ್ಕೆ ಹತ್ತು ನಿಮಿಷವಿದ್ದಾಗ ಕುರಿ ಸಾಗಿಸುವ ಟೆಂಪೊ ಬಂದು ನಿಂತಿತು. ಹೊಳಲ್ಕೆರೆ ಹತ್ತಿರ ಟೈರು ಕೈಕೊಟ್ಟಿತ್ತಂತೆ. ಸೊಸೆಯಂದಿರು, ಮೊಮ್ಮಕ್ಕಳು, ಯಾರೋ ಮರೆಯದೆ ತಂದ ಒಂದು ಕುರಿಮರಿ, ಎಲ್ಲ ಇಳಿದವು. ಅಜ್ಜ ನೇರ ಮುಖಂಡನ ಮುಂದೆ ಹೋಗಿ ತೋಳು ಚಾಚಿದ: "ಏನಪ್ಪ, ಇದ್ದೀನೋ ಇಲ್ವೋ, ಜಿಗುಟಿ ನೋಡು!"

ಸಾಲಿಗೆ ಸಾಲೇ ನಕ್ಕಿತು. ಮುಖಂಡನೂ ನಕ್ಕ, ಬೇರೆ ದಾರಿ ಇರಲಿಲ್ಲ. ಟೆಂಪೊದಲ್ಲಿ ದಾರಿಯುದ್ದಕ್ಕೂ ಯಾರಿಗೆ ಹಾಕುವುದೆಂದು ಅವರವರೇ ಜಗಳವಾಡಿಕೊಂಡು ಬಂದಿದ್ದರೆಂದೂ, ಅರ್ಧ ಓಟು ಮುಖಂಡನ ಕಡೆಗೇ ಬಿದ್ದಿದ್ದವೆಂದೂ ಕಿರೀ ಸೊಸೆ ಆಮೇಲೆ ನನ್ನ ಕಿವಿಯಲ್ಲಿ ಹೇಳಿದಳು.

ಆರು ಗಂಟೆಗೆ ಸಮಯ ಮುಗಿದಾಗ, ಸಾಲಿನಲ್ಲಿ ನಿಂತವರಿಗಷ್ಟೇ ಇನ್ನು ಓಟೆಂದು ಮತಗಟ್ಟೆಯ ಅಧಿಕಾರಿ ಸಾಲಿನ ಬಾಲದಿಂದ ನಂಬರಿನ ಚೀಟಿ ಹಂಚುತ್ತ ಬಂದರು. ದಿನವಿಡೀ ತಮ್ಮ ಓಟು ಹಾಕದೆ ಕಾದಿದ್ದ ಟೀಚರಮ್ಮ ಎಲ್ಲರ ಹಿಂದೆ ನಿಂತಿದ್ದರು. ಒಂದನೇ ನಂಬರಿನ ಚೀಟಿ ಅವರಿಗೇ ಬಂತು. "ಜೀವ್ನದಾಗೆ ಫಸ್ಟ್ ಬಂದಿದ್ದು ಇವತ್ತೇ ಕಣೋ" ಎಂದು ನನಗೆ ತೋರಿಸಿ, ಆಗ ಹೋಗಿ ನೀರು ಕೇಳಿದರು.

ಹೋದ ಮಳೆಗಾಲದಲ್ಲಿ ಟೀಚರಮ್ಮ ತೀರಿಕೊಂಡರು. ಕಾರ್ಯ ಮುಗಿದ ಮರುದಿನವೇ ನಾನು ಹೆಸರು ತೆಗೆಸುವ ಅರ್ಜಿ ತುಂಬಿ, ಅವರ ಮಗಳ ಸಹಿ ಹಾಕಿಸಿಕೊಂಡು, ಈಗ ಪಟ್ಟಿ ನೋಡಿಕೊಳ್ಳುವ ಮೇಷ್ಟ್ರ ಮನೆಗೆ ಹೋದೆ.

"ಏನ್ ಅವಸರ ಮಾರಾಯ? ಎಲೆಕ್ಷನ್ ಇನ್ನೂ ದೂರ ಐತೆ" ಎಂದರು ಮೇಷ್ಟ್ರು.

"ಇವತ್ತೇ ತೆಗೀರಿ ಸಾರ್" ಎಂದೆ. "ಟೀಚರಮ್ಮನ ಪಟ್ಟೀಲಿ ಸುಳ್ಳು ಇರಬಾರ್ದು."